ರಾ ಫೋಟೊ ಸಪ್ಪೆ ಕಾಣುವುದೇಕೆ? ಯಾವ ಸಾಫ್ಟ್‌ವೇರ್ ಹಿಡಿಯಬೇಕು?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿರುವ ಬ್ಯಾಂಕ್ ಉದ್ಯೋಗಿ. ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ5600 ಕ್ಯಾಮೆರಾ, ಜೊತೆಗೆ 50 ಎಂಎಂ ಲೆನ್ಸ್ ತೆಗೆದುಕೊಂಡೆ. ಮಳೆಗಾಲದಲ್ಲಿ ಊರಿನ ಮೇಳಗಳು ಮುಂಬಯಿಗೆ ಬಂದಾಗ ಯಕ್ಷಗಾನದ ಫೋಟೊ ತೆಗೆಯುವುದು ನನ್ನ ಹುಚ್ಚು. ಎಲ್ಲರೂ ಹೇಳಿದರೆಂದು ಈ ಬಾರಿ ರಾ ಫಾರ್ಮ್ಯಾಟಿನಲ್ಲಿ (ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಇಡುವ ಫೈಲು) ತೆಗೆದೆ. ಕ್ಯಾಮೆರಾದಲ್ಲಿ ಚೆನ್ನಾಗಿ ಕಂಡದ್ದು ಲ್ಯಾಪ್‌ಟಾಪಿನಲ್ಲಿ ಸಪ್ಪೆಯಾಗಿ ಕಾಣುತ್ತದೆ. ಗೆಳೆಯರೊಬ್ಬರು ಫೋಟೊ ತಿದ್ದುವ ಲೈಟ್‌ರೂಂ ಸಾಫ್ಟ್‌ವೇರಿನ ಕ್ರ್ಯಾಕ್ ಕಾಪಿ ಕೊಡುತ್ತೇನೆ ಅನ್ನುತ್ತಾರೆ. ಇನ್ನೊಬ್ಬರು ಡಾರ್ಕ್‌ಟೇಬಲ್ ಹಾಕಿಕೋ ಅಂದರು. ಹಾಕಿ ನೋಡಿದೆ, ತಲೆಬುಡ ತಿಳಿಯಲಿಲ್ಲ. ಲ್ಯಾಪ್‌ಟಾಪ್ 8 ಜಿಬಿಯದು, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ತಿಂಗಳು ತಿಂಗಳು ದುಡ್ಡು ಕಟ್ಟಲು ಮನಸ್ಸಿಲ್ಲ. ಯಾವುದನ್ನು ಆರಿಸಲಿ, ಹೇಗೆ ಕಲಿಯಲಿ? ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ನಡೆದ ಆಟದ ಮೂರು ಫೈಲು ಕಳಿಸಿದ್ದೇನೆ.

ಉತ್ತರ: ಮೊದಲು ಆ ಸಪ್ಪೆಯ ವಿಷಯ ಮಾತಾಡೋಣ. ಕ್ಯಾಮೆರಾ ಕೆಟ್ಟಿಲ್ಲ, ನೀವೂ ತಪ್ಪು ಮಾಡಿಲ್ಲ. ಫೋಟೊ ತೆಗೆದ ಕೂಡಲೇ ಕ್ಯಾಮೆರಾದ ಹಿಂದೆ ಕಾಣುತ್ತದಲ್ಲ, ಅದು ರಾ ಅಲ್ಲವೇ ಅಲ್ಲ. ಪ್ರತಿ ರಾ ಫೈಲಿನ ಒಳಗೂ ಕ್ಯಾಮೆರಾ ತಾನೇ ತಯಾರಿಸಿದ ಒಂದು ಜೆಪೆಗ್ ಕೂತಿರುತ್ತದೆ. ಪರದೆಯ ಮೇಲೆ ತೋರಿಸುವುದು ಅದನ್ನೇ. ಕಾಂಟ್ರಾಸ್ಟ್, ಬಣ್ಣ, ಶಾರ್ಪ್‌ನೆಸ್ ಎಲ್ಲ ಹಾಕಿ ಮುಗಿಸಿದ ಚಿತ್ರ ಅದು. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಫೈಲು ತೆರೆದಾಗ ಒಂದು ಕ್ಷಣ ಚೆನ್ನಾಗಿ ಕಂಡು, ಕಣ್ಣೆದುರೇ ಮಂಕಾಗುವುದನ್ನು ನೀವು ನೋಡಿರಬಹುದು. ಮೊದಲು ಕಂಡದ್ದು ಒಳಗಿದ್ದ ಜೆಪೆಗ್. ಆಮೇಲೆ ಬಂದದ್ದು ಆ ಸಾಫ್ಟ್‌ವೇರ್ ತನ್ನ ಲೆಕ್ಕದಲ್ಲಿ ಬಿಡಿಸಿದ ರಾ.

ಜೆಪೆಗ್ ಅಂದರೆ ಬೆಂದ ಅನ್ನ. ರಾ ಅಂದರೆ ತೊಳೆದಿಟ್ಟ ಅಕ್ಕಿ. ಅಕ್ಕಿಯಿಂದ ಗಂಜಿಯನ್ನೂ ಮಾಡಬಹುದು, ಚಿತ್ರಾನ್ನವನ್ನೂ ಮಾಡಬಹುದು. ಆದರೆ ಒಲೆ ಹಚ್ಚುವವರು ನೀವೇ.

ಒಳಗೆ ಏನಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಸಾಫ್ಟ್‌ವೇರ್‌ಗಳ ನಡುವಿನ ವ್ಯತ್ಯಾಸ ಇಲ್ಲಿಂದಲೇ ಹುಟ್ಟುತ್ತದೆ. ಸೆನ್ಸರಿನ ಒಂದೊಂದು ಚುಕ್ಕಿಯೂ ಒಂದೇ ಬಣ್ಣದ ಬೆಳಕನ್ನು ಅಳೆಯುತ್ತದೆ. ನಾಲ್ಕು ಚುಕ್ಕಿಗಳ ಪುಟ್ಟ ಚೌಕ ತೆಗೆದುಕೊಂಡರೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಇವತ್ತಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿ ಇದೇ ಜೋಡಣೆ. ಹಸಿರು ಚುಕ್ಕಿಯ ಜಾಗದಲ್ಲಿ ಕೆಂಪು ಎಷ್ಟಿತ್ತು, ನೀಲಿ ಎಷ್ಟಿತ್ತು ಅನ್ನುವುದನ್ನು ಅಕ್ಕಪಕ್ಕ ನೋಡಿ ಸಾಫ್ಟ್‌ವೇರ್ ಊಹಿಸಬೇಕು. ಒಂದೊಂದು ಸಾಫ್ಟ್‌ವೇರ್ ಒಂದೊಂದು ಥರ ಊಹಿಸುತ್ತದೆ. ಬಣ್ಣಗಳ ಬಗ್ಗೆಯೂ ಹಾಗೆಯೇ. ಅದಕ್ಕೇ ಒಂದೇ ಫೈಲು ನಾಲ್ಕು ಕಡೆ ನಾಲ್ಕು ಥರ ತೆರೆದುಕೊಳ್ಳುತ್ತದೆ.

ಇಷ್ಟು ಕಷ್ಟಪಟ್ಟರೆ ಲಾಭ ಏನು? ಜೆಪೆಗ್ ಒಂದೊಂದು ಬಣ್ಣವನ್ನು 256 ಮೆಟ್ಟಿಲುಗಳಲ್ಲಿ ಬರೆದಿಡುತ್ತದೆ. ನಿಮ್ಮ ಕ್ಯಾಮೆರಾದ 14 ಬಿಟ್ ರಾ ಫೈಲಿನಲ್ಲಿ ಆ ಮೆಟ್ಟಿಲು 16,384. ಚೌಕಿಯ (ವೇಷ ಕಟ್ಟುವ ಕೋಣೆ) ಮಂದ ಬೆಳಕಿನಲ್ಲಿ ಮುಖಕ್ಕೆ ಬಣ್ಣ ಬರೆದುಕೊಳ್ಳುತ್ತಿರುವ ಕಲಾವಿದರ ಫೋಟೊ ಕತ್ತಲಾಗಿ ಬಂತು ಅನ್ನಿ. ಜೆಪೆಗ್‌ನಲ್ಲಿ ಮೇಲೆತ್ತಿದರೆ ಕೆನ್ನೆಯ ಮೇಲೆ ಪಟ್ಟೆ ಪಟ್ಟೆ ಕಾಣುತ್ತದೆ. ರಾ ದಲ್ಲಿ ಅದು ನಯವಾಗಿಯೇ ಮೇಲೆ ಬರುತ್ತದೆ.

ಇನ್ನು ಸಾಫ್ಟ್‌ವೇರ್. ನೇರವಾಗಿ ಹೇಳುತ್ತೇನೆ: ಮೊದಲ ಮೂರು ತಿಂಗಳು ನಿಕಾನಿನದೇ ಆದ ಎನ್‌ಎಕ್ಸ್ ಸ್ಟುಡಿಯೊ ಹಾಕಿಕೊಳ್ಳಿ. 2021ರಲ್ಲಿ ಬಂದದ್ದು, ಪೂರ್ತಿ ಉಚಿತ. ನಿಕಾನಿನ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಬಹುದು. ಜನ ಇದನ್ನು ಕಡೆಗಣಿಸುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ನೀವು ಕ್ಯಾಮೆರಾದಲ್ಲಿ ಇಟ್ಟ ಪಿಕ್ಚರ್ ಕಂಟ್ರೋಲ್ (ಬಣ್ಣ, ಕಾಂಟ್ರಾಸ್ಟಿನ ಸಿದ್ಧ ಹೊಂದಿಕೆ), ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು) ಎಲ್ಲವನ್ನೂ ಇದು ಹಾಗೆಯೇ ಓದಿಕೊಳ್ಳುತ್ತದೆ. ಫೈಲು ತೆರೆದಾಗ ಕ್ಯಾಮೆರಾದ ಹಿಂದೆ ಕಂಡಂಥದೇ ಚಿತ್ರ ಎದುರಿಗೆ ಬರುತ್ತದೆ. ಸಪ್ಪೆ ಅನ್ನುವ ಮಾತೇ ಇಲ್ಲ. ಕಲಿಯುವವರಿಗೆ ಇದು ದೊಡ್ಡ ಧೈರ್ಯ. ಒಳ್ಳೆಯ ಜಾಗದಿಂದ ಹೊರಟು ಒಂದೊಂದೇ ಬದಲಿಸುತ್ತಾ ಏನಾಗುತ್ತದೆ ಅಂತ ನೋಡಬಹುದು. ಬೇರೆ ಕ್ಯಾಮೆರಾ ಇರುವ ಓದುಗರಿಗೂ ದಾರಿ ಇದೆ. ಕ್ಯಾನನ್‌ಗೆ ಡಿಜಿಟಲ್ ಫೋಟೊ ಪ್ರೊಫೆಷನಲ್, ಸೋನಿಗೆ ಇಮೇಜಿಂಗ್ ಎಡ್ಜ್ ಡೆಸ್ಕ್‌ಟಾಪ್. ಅವೂ ಉಚಿತವೇ.

ಕೊರತೆ ಇಲ್ಲ ಅಂತಲ್ಲ. ನಾಳೆ ನೀವು ಬೇರೆ ಕಂಪನಿಯ ಕ್ಯಾಮೆರಾ ಕೊಂಡರೆ ಅದರ ರಾ ಇಲ್ಲಿ ತೆರೆಯುವುದಿಲ್ಲ. ನೂರಾರು ಫೋಟೊಗಳನ್ನು ಆರಿಸುವಾಗ ಸ್ವಲ್ಪ ನಿಧಾನ. ಒಂದು ವಿಷಯ ಮಾತ್ರ ಮರೆಯಬೇಡಿ. ನೀವು ಮಾಡಿದ ಬದಲಾವಣೆಗಳನ್ನು ಇದು ಫೋಟೊಗಳ ಪಕ್ಕದಲ್ಲೇ ಎನ್‌ಕೆಎಸ್‌ಸಿ ಪ್ಯಾರಂ ಅನ್ನುವ ಫೋಲ್ಡರಿನಲ್ಲಿ ಇಡುತ್ತದೆ. ಮೂಲ ರಾ ಫೈಲು ಮುಟ್ಟದೆ ಹಾಗೇ ಇರುತ್ತದೆ. ಇದೇನೋ ಬೇಡದ ಫೋಲ್ಡರ್ ಅಂತ ಅಳಿಸಿಬಿಟ್ಟರೆ ಮಾಡಿದ ಕೆಲಸವೆಲ್ಲ ಹೋಗುತ್ತದೆ. ಹಾರ್ಡ್ ಡಿಸ್ಕಿಗೆ ಕಾಪಿ ಮಾಡುವಾಗ ಅದನ್ನೂ ಜೊತೆಗೆ ಒಯ್ಯಿರಿ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಹಿಂದೊಮ್ಮೆ ನನ್ನ ಲ್ಯಾಪ್‌ಟಾಪ್ ಕೈಕೊಟ್ಟಿತು. ಫೋಟೊಗಳು ಹೊರಗಿನ ಡಿಸ್ಕಿನಲ್ಲಿ ಭದ್ರವಾಗಿದ್ದವು. ಆದರೆ ಎಡಿಟಿಂಗಿನ ಲೆಕ್ಕವೆಲ್ಲ ಲ್ಯಾಪ್‌ಟಾಪಿನೊಳಗಿನ ಕ್ಯಾಟಲಾಗ್ ಫೈಲಿನಲ್ಲಿ ಮಾತ್ರ ಇತ್ತು. ಮೂರು ವರ್ಷದ ಕೆಲಸ. ಅಕ್ಕಿ ಉಳಿಯಿತು, ಅಡುಗೆ ಹೋಯಿತು. ಅಂದಿನಿಂದ ನಾನು ಯಾವ ಸಾಫ್ಟ್‌ವೇರ್ ಮುಟ್ಟಿದರೂ ಮೊದಲು ಕೇಳುವ ಪ್ರಶ್ನೆ ಒಂದೇ: ನನ್ನ ಕೆಲಸವನ್ನು ಇದು ಎಲ್ಲಿ ಬರೆದಿಡುತ್ತದೆ?

ಲೈಟ್‌ರೂಂ ಬಗ್ಗೆ. ತುಂಬ ಒಳ್ಳೆಯ ಸಾಫ್ಟ್‌ವೇರ್. 2007ರಲ್ಲಿ ಶುರುವಾದದ್ದು. ಮದುವೆ ಫೋಟೊ ತೆಗೆಯುವವರಲ್ಲಿ ಹೆಚ್ಚಿನವರು ಇದನ್ನೇ ಬಳಸುತ್ತಾರೆ. ಸಾವಿರ ಫೋಟೊ ಎರಡು ದಿನದಲ್ಲಿ ಮುಗಿಸಬೇಕಾದವರಿಗೆ ಇದರ ವೇಗ ಬೇಕೇ ಬೇಕು. ಆದರೆ ಚಂದಾ ನಿಲ್ಲಿಸಿದರೆ ಲೈಟ್‌ರೂಂ ಕ್ಲಾಸಿಕ್‌ನ ಡೆವಲಪ್ ವಿಭಾಗಕ್ಕೆ ಬೀಗ ಬೀಳುತ್ತದೆ. ಹಳೆಯ ಫೋಟೊಗಳನ್ನು ನೋಡಬಹುದು, ಎಕ್ಸ್‌ಪೋರ್ಟ್ ಮಾಡಬಹುದು, ಡೆವಲಪ್‌ನಲ್ಲಿ ಮತ್ತೆ ತಿದ್ದಲಾಗದು. ನೀವು ಇದರಿಂದ ಸಂಪಾದನೆ ಮಾಡುತ್ತಿಲ್ಲ, ಹಾಗಾಗಿ ಈಗ ಬೇಡ. ಮುಂದೆ ಯಾರಾದರೂ ದುಡ್ಡು ಕೊಟ್ಟು ಕರೆದರೆ ಆಗ ಯೋಚಿಸಿ.

ಕ್ರ್ಯಾಕ್ ಕಾಪಿ ಖಂಡಿತ ಬೇಡ. ಅದು ಕಳ್ಳ ಮಾಲು ಅನ್ನುವುದು ಒಂದು ಮಾತು. ಅದರ ಜೊತೆ ಲ್ಯಾಪ್‌ಟಾಪಿನೊಳಗೆ ಏನೇನು ನುಸುಳುತ್ತದೋ ಯಾರಿಗೂ ಗೊತ್ತಾಗುವುದಿಲ್ಲ. ಅದೇ ಲ್ಯಾಪ್‌ಟಾಪಿನಲ್ಲಿ ನಿಮ್ಮ ನೆಟ್ ಬ್ಯಾಂಕಿಂಗ್ ಕೂಡ ಇರುತ್ತದೆ ಅಲ್ವಾ? ಬ್ಯಾಂಕಿನವರಿಗೆ ನಾನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ಗೆಳೆಯರಿಗೆ ಬೇಸರ ಆಗದ ಹಾಗೆ ಬೇಡ ಅನ್ನಿ.

ಡಾರ್ಕ್‌ಟೇಬಲ್ ನಿಮಗೆ ತಿಳಿಯದೆ ಹೋದದ್ದು ಸಹಜ. ಉಚಿತ, ಬಹಳ ಶಕ್ತಿಶಾಲಿ, ನಾನು ಈಗ ಹೆಚ್ಚಾಗಿ ಬಳಸುವುದೂ ಅದನ್ನೇ. ಆದರೆ ಅದು ಕ್ಯಾಮೆರಾದ ಜೆಪೆಗ್ ಥರ ಕಾಣಬೇಕು ಅಂತ ಪ್ರಯತ್ನವನ್ನೇ ಮಾಡುವುದಿಲ್ಲ. ಹತ್ತಾರು ಮಾಡ್ಯೂಲುಗಳನ್ನು ಎದುರಿಗೆ ಹರಡಿ, ನೀನೇ ಮಾಡಿಕೋ ಅನ್ನುತ್ತದೆ. ಇನ್ನೊಂದು ತೊಡಕು ವಿಡಿಯೊಗಳದು. ಹಳೆಯ ವಿಡಿಯೊಗಳು ಬೇಸ್ ಕರ್ವ್ ಅನ್ನುವ ಮಾಡ್ಯೂಲಿನಿಂದ ಶುರು ಮಾಡುತ್ತವೆ. ಈಗಿನ ಪದ್ಧತಿ ಬೇರೆ. ಎಕ್ಸ್‌ಪೋಶರ್, ಕಲರ್ ಕ್ಯಾಲಿಬ್ರೇಶನ್, ಆಮೇಲೆ ಬೆಳಕು ಕತ್ತಲನ್ನು ಪರದೆಗೆ ಹೊಂದಿಸುವ ಫಿಲ್ಮಿಕ್ ಅಥವಾ ಸಿಗ್ಮಾಯ್ಡ್ ಮಾಡ್ಯೂಲು. ಸಿಗ್ಮಾಯ್ಡ್ ಬಂದದ್ದು 2022ರ ಕೊನೆಯಲ್ಲಿ, 4.2 ಆವೃತ್ತಿಯಲ್ಲಿ. ಎರಡೂ ಕಾಲದ ವಿಡಿಯೊ ಬೆರೆಸಿ ನೋಡಿದರೆ ಯಾರಿಗಾದರೂ ತಲೆ ತಿರುಗುತ್ತದೆ. ವಿಡಿಯೊ ನೋಡುವ ಮೊದಲು ಅದು ಯಾವ ಆವೃತ್ತಿಯದು ಅಂತ ನೋಡಿಕೊಳ್ಳಿ. ಜೊತೆಗೆ, ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದೊಂದು ಸಲ ಸ್ಲೈಡರ್ ಎಳೆದು ಕಾಯಬೇಕಾಗುತ್ತದೆ. ಕಾಯುತ್ತಾ ಕಲಿಯುವುದು ಕಷ್ಟ. ಕೈಯೂ ಕಣ್ಣೂ ಒಟ್ಟಿಗೆ ಓಡಬೇಕು.

ಹಾಗಾಗಿ ಮೂರು ತಿಂಗಳಾದ ಮೇಲೆ ಎನ್‌ಎಕ್ಸ್ ಸ್ಟುಡಿಯೊ ಸಾಲದು ಅನ್ನಿಸಿದರೆ ರಾಥೆರಪಿ ನೋಡಿ. ಅದೂ ಉಚಿತ. ಗ್ರಾಫಿಕ್ಸ್ ಕಾರ್ಡ್ ಕೇಳುವುದಿಲ್ಲ, ಸಣ್ಣ ವಿವರಗಳನ್ನು ಬಿಡಿಸುವುದರಲ್ಲಿ ಎತ್ತಿದ ಕೈ. ಮುಂದೆ ಲ್ಯಾಪ್‌ಟಾಪ್ ಬದಲಿಸಿದಾಗ ಡಾರ್ಕ್‌ಟೇಬಲ್‌ಗೆ ಮರಳಿ ಬನ್ನಿ. ಆಗ ಅದು ಇಷ್ಟು ಹೆದರಿಸುವುದಿಲ್ಲ. ದುಡ್ಡು ಕೊಟ್ಟು ಕೊಳ್ಳುವವುಗಳಲ್ಲಿ ಕ್ಯಾಪ್ಚರ್ ಒನ್ ಮತ್ತು ಡಿಎಕ್ಸ್‌ಒ ಫೋಟೊಲ್ಯಾಬ್ ಒಳ್ಳೆಯವು. ಕತ್ತಲಲ್ಲಿ ತೆಗೆದ ಫೋಟೊಗಳ ನಾಯ್ಸ್ (ಮರಳಿನಂಥ ಚುಕ್ಕಿಗಳು) ತೆಗೆಯುವುದರಲ್ಲಿ ಫೋಟೊಲ್ಯಾಬ್ ಬಹಳ ಮುಂದೆ. ಆದರೆ ಅಷ್ಟು ದುಡ್ಡು ಈಗಲೇ ಹಾಕಬೇಡಿ.

ಈಗ ಕಲಿಯುವ ಮಾತು. ನೀವು ಕಳಿಸಿದ ಎರಡನೆಯ ಫೈಲನ್ನೇ ತೆರೆದು, ನಾನು ಮಾಡಿದ್ದನ್ನು ಒಂದೊಂದಾಗಿ ಹೇಳುತ್ತೇನೆ. ಕೆಂಪು ದಗಲೆ (ವೇಷದ ಅಂಗಿ) ತೊಟ್ಟ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ರಂಗದ ಎಡಕ್ಕೆ ನುಗ್ಗುತ್ತಿದೆ. ಹಿಂದೆ ಭಾಗವತರು, ಚೆಂಡೆಯವರು. ಐಎಸ್‌ಒ 3200, ಶಟರ್ 1/200.

ಮೊದಲು ವೈಟ್ ಬ್ಯಾಲೆನ್ಸ್. ಚಿತ್ರ ಪೂರ್ತಿ ತಣ್ಣಗೆ, ನೀಲಿಯಾಗಿದೆ. ಬೂದು ಬಣ್ಣ ಆರಿಸುವ ಡ್ರಾಪರ್ ತೆಗೆದು ಭಾಗವತರ ಬಿಳಿ ಪಂಚೆಯ ಮೇಲೆ ಒತ್ತಿದೆ. ಚಿತ್ರ ಒಮ್ಮೆಲೇ ಹಳದಿಗೆ ತಿರುಗಿತು. ಯಾಕೆ? ನಮ್ಮ ಮನೆಗಳಲ್ಲಿ ಪಂಚೆಗೆ ನೀಲಿ ಹಾಕಿ ಒಗೆಯುತ್ತೇವೆ. ಕಣ್ಣಿಗೆ ಅದು ಹಾಲಿನಷ್ಟು ಬಿಳಿ, ಸೆನ್ಸರಿಗೆ ಮಾತ್ರ ತುಸು ನೀಲಿ. ಆ ನೀಲಿಯನ್ನು ಬಿಳಿ ಮಾಡಲು ಹೋಗಿ ಸಾಫ್ಟ್‌ವೇರ್ ಇಡೀ ಚಿತ್ರಕ್ಕೆ ಹಳದಿ ಬಳಿಯಿತು. ಡ್ರಾಪರ್ 4,600 ಕೆಲ್ವಿನ್ ತೋರಿಸುತ್ತಿತ್ತು (ಬೆಳಕಿನ ಬಣ್ಣದ ಅಳತೆ ಇದು, ಇಲ್ಲಿ ಸಂಖ್ಯೆ ಏರಿದಷ್ಟೂ ಚಿತ್ರ ಹಳದಿಯಾಗುತ್ತದೆ). ನಾನು ಕೈಯಿಂದಲೇ 4,200ರ ಹತ್ತಿರ ತಂದೆ. ಅಲ್ಲಿ ಚೆಂಡೆಯವರ ಕೈಯ ಚರ್ಮ ಚರ್ಮದ ಹಾಗೆ ಕಂಡಿತು. ಬಣ್ಣ ಬಳಿದ ಮುಖವನ್ನು ನೋಡಿ ವೈಟ್ ಬ್ಯಾಲೆನ್ಸ್ ಹೊಂದಿಸಲು ಆಗುವುದಿಲ್ಲ. ಬಣ್ಣ ಇಲ್ಲದ ಕೈ, ಕುತ್ತಿಗೆ ಹುಡುಕಿ. ಮುಂದಿನ ಸಲ ಫೋರ್ಟಿನ ಬೋರಾ ಬಜಾರಿಗೆ ಹೋದಾಗ ಒಂದು ಗ್ರೇ ಕಾರ್ಡ್ ತನ್ನಿ, ಡ್ರಾಪರ್ ಒತ್ತಲು ಬೇಕಾದ ಶುದ್ಧ ಬೂದು ಬಣ್ಣದ ಹಲಗೆ ಅದು. ಆಟ ಶುರುವಾಗುವ ಮೊದಲು, ರಂಗದ ದೀಪ ಹಚ್ಚಿದ ಕೂಡಲೇ, ಸಂಘಟಕರನ್ನು ಕೇಳಿಕೊಂಡು ಅದರದೊಂದು ಫೋಟೊ ತೆಗೆದಿಟ್ಟುಕೊಳ್ಳಿ.

ಎರಡನೆಯದು ಆ ಕೆಂಪು. ದಗಲೆಯ ಎದೆ ಭಾಗದಲ್ಲಿ ನೆರಿಗೆಯೇ ಇಲ್ಲ, ಕೆಂಪು ಬಣ್ಣದ ತಗಡು ಅಂಟಿಸಿದ ಹಾಗಿದೆ. ನೀವು ಎಕ್ಸ್‌ಪೋಶರ್ ಜಾಸ್ತಿ ಆಯ್ತು ಅಂದುಕೊಂಡಿರಬೇಕು. ನಾನು ಎಕ್ಸ್‌ಪೋಶರ್ ಮುಟ್ಟಲೇ ಇಲ್ಲ. ಕ್ಯಾಮೆರಾದಲ್ಲಿ ಪಿಕ್ಚರ್ ಕಂಟ್ರೋಲ್ ವಿವಿಡ್‌ನಲ್ಲಿತ್ತು. ಅದನ್ನು ನ್ಯೂಟ್ರಲ್ ಮಾಡಿದೆ, ಅಷ್ಟೇ. ನೆರಿಗೆಗಳು ಒಂದೊಂದಾಗಿ ಎದ್ದು ಬಂದವು, ಅಂಚಿನ ಜರಿಯ ಗೆರೆ ಕೂಡ ಕಾಣಿಸಿತು. ವಿವರ ರಾ ದಲ್ಲಿ ಇದ್ದೇ ಇತ್ತು. ವಿವಿಡ್ ಕೆಂಪನ್ನು ಎಷ್ಟು ಏರಿಸಿತ್ತೆಂದರೆ, ಜೆಪೆಗ್‌ನ ಕೊನೆಯ ಮೆಟ್ಟಿಲಿಗೆ ಎಲ್ಲವೂ ಹೋಗಿ ಒತ್ತಿಕೊಂಡಿದ್ದವು. ಇದೊಂದು ಪ್ರಯೋಗ ನೀವೇ ಮಾಡಿ ನೋಡಿ. ರಾ ಯಾಕೆ ಅನ್ನುವ ಪ್ರಶ್ನೆಗೆ ನನ್ನ ಇಷ್ಟುದ್ದದ ಮಾತಿಗಿಂತ ಚೆನ್ನಾದ ಉತ್ತರ ಅಲ್ಲಿದೆ.

ಇಲ್ಲಿ ಒಂದು ಎಚ್ಚರಿಕೆ. ಸೆನ್ಸರೇ ತುಂಬಿ ಹರಿದಿದ್ದರೆ ಯಾವ ಸಾಫ್ಟ್‌ವೇರೂ ತರಲಾರದು. ಕಿರೀಟದ ಮೇಲೆ ಸ್ಪಾಟ್ ಲೈಟ್ ಬಿದ್ದ ಜಾಗ ನೋಡಿ, ಪೂರ್ತಿ ಬಿಳಿ, ಎಷ್ಟು ಇಳಿಸಿದರೂ ಬೂದು ಆಗುತ್ತದೆಯೇ ಹೊರತು ಬಂಗಾರ ಆಗುವುದಿಲ್ಲ. ಕೊಡ ತುಂಬಿದ ಮೇಲೆ ಚೆಲ್ಲಿದ ನೀರಿನ ಲೆಕ್ಕ ಸಿಗುವುದಿಲ್ಲ. ರಂಗದ ಫೋಟೊಗಳಲ್ಲಿ ತುಸು ಕತ್ತಲಾಗಿಯೇ ತೆಗೆಯಿರಿ. ಕತ್ತಲನ್ನು ಆಮೇಲೆ ಎತ್ತಬಹುದು.

ಮೂರನೆಯದು ಮುಖ. ಕಿರೀಟದ ನೆರಳು ಹಣೆಯ ಮೇಲೆ ಬಿದ್ದು ಕಣ್ಣು ಮಂಕಾಗಿದೆ. ಇಡೀ ಚಿತ್ರವನ್ನು ಬೆಳಗಿಸಿದರೆ ಹಿಂದಿನ ಪರದೆಯೂ ಎದ್ದು ಬರುತ್ತದೆ, ಅದರ ಸುಕ್ಕೂ ಕಾಣುತ್ತದೆ. ಎನ್‌ಎಕ್ಸ್ ಸ್ಟುಡಿಯೊದಲ್ಲಿ ಕಲರ್ ಕಂಟ್ರೋಲ್ ಪಾಯಿಂಟ್ ಅಂತ ಇದೆ. ಅದನ್ನು ಕೆನ್ನೆಯ ಮೇಲಿಟ್ಟು, ಸುತ್ತಿನ ವೃತ್ತವನ್ನು ಮುಖದಷ್ಟು ಮಾಡಿ, ಬ್ರೈಟ್‌ನೆಸ್ ಸ್ವಲ್ಪವೇ ಏರಿಸಿದೆ. ಅಕ್ಕಿಹಿಟ್ಟಿನ ಚಿಟ್ಟಿಯ ಬಿಳಿ ಚುಕ್ಕಿಗಳು ಬೇರೆ ಬೇರೆಯಾಗಿ ಕಾಣುವಲ್ಲಿಗೆ ನಿಲ್ಲಿಸಿದೆ. ಅದಕ್ಕಿಂತ ಮೇಲೆ ಹೋದರೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಬ್ಬ ಕಲಾವಿದ ಗಂಟೆಗಟ್ಟಲೆ ಕೂತು ಇಟ್ಟುಕೊಂಡ ಚಿಟ್ಟಿ ಅದು. ಅದನ್ನು ಸುಣ್ಣ ಬಳಿದ ಗೋಡೆಯ ಹಾಗೆ ಮಾಡುವ ಹಕ್ಕು ನಮಗಿಲ್ಲ.

ನಾಯ್ಸ್ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬಣ್ಣ ಬಣ್ಣದ ಚುಕ್ಕಿಗಳು ಹೋಗುವಷ್ಟು ಮಾತ್ರ ತೆಗೆಯಿರಿ. ಪೂರ್ತಿ ನಯ ಮಾಡಲು ಹೋದರೆ ಮುಖ ಪ್ಲಾಸ್ಟಿಕ್ ಬೊಂಬೆ ಆಗುತ್ತದೆ.

ಅಭ್ಯಾಸಕ್ಕೆ ನಾನು ಎಲ್ಲರಿಗೂ ಹೇಳುವ ದಾರಿ ಇದು. ಕ್ಯಾಮೆರಾದಲ್ಲಿ ರಾ ಜೊತೆಗೆ ಜೆಪೆಗ್ ಕೂಡ ಉಳಿಯುವ ಹಾಗೆ ಇಟ್ಟುಕೊಳ್ಳಿ. ಎನ್‌ಎಕ್ಸ್ ಸ್ಟುಡಿಯೊ ಕೈಗೆ ಹತ್ತಿದ ಮೇಲೆ, ಒಂದು ಫೋಟೊವನ್ನು ರಾಥೆರಪಿಯಲ್ಲಿ ತೆರೆದು, ಪಕ್ಕದಲ್ಲಿ ಅದರ ಜೆಪೆಗ್ ಇಟ್ಟುಕೊಂಡು, ಅದರ ಹಾಗೆಯೇ ಬರುವಂತೆ ಮಾಡಲು ಪ್ರಯತ್ನಿಸಿ. ಮೊದಲ ಸಲ ಒಂದು ಗಂಟೆ ಬೇಕಾಗಬಹುದು. ಹತ್ತನೆಯ ಸಲಕ್ಕೆ ಯಾವ ಸ್ಲೈಡರ್ ಏನು ಮಾಡುತ್ತದೆ ಅನ್ನುವುದು ಬೆರಳಿಗೆ ಗೊತ್ತಿರುತ್ತದೆ. ಆಮೇಲೆ ಒಂದು ದಿನ ಜೆಪೆಗ್‌ಗಿಂತ ನಿಮ್ಮದೇ ಚೆನ್ನಾಗಿ ಕಾಣುತ್ತದೆ. ಅಲ್ಲಿಯವರೆಗೆ ಸಾಫ್ಟ್‌ವೇರ್ ಬದಲಿಸುತ್ತಾ ಹೋಗಬೇಡಿ. ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಶರ್, ಕಾಂಟ್ರಾಸ್ಟ್ ಎಲ್ಲ ಕಡೆಯೂ ಒಂದೇ. ಗುಂಡಿ ಇರುವ ಜಾಗ ಮಾತ್ರ ಬೇರೆ. ಮೂರು ಸಾಫ್ಟ್‌ವೇರ್‌ಗಳಲ್ಲಿ ಒಂದೊಂದು ತಿಂಗಳು ಅಲೆದವರು ಮೂರು ಕಡೆಯೂ ಹೊಸಬರಾಗಿಯೇ ಉಳಿದದ್ದನ್ನು ನಾನು ನೋಡಿದ್ದೇನೆ.

ಒಮ್ಮೆ ತಿದ್ದಿದ್ದನ್ನು ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ. ರಾತ್ರಿ ಹನ್ನೊಂದರ ಕಣ್ಣಿಗೆ ಸರಿ ಕಂಡ ಬಣ್ಣ ಬೆಳಿಗ್ಗೆ ಅತಿಯಾಗಿ ಕಾಣುತ್ತದೆ. ದೀಪ ಆರಿಸಿ ಕತ್ತಲೆ ಕೋಣೆಯಲ್ಲಿ ಕೂತು ತಿದ್ದಿದರೆ ಪ್ರಿಂಟ್ ಕಪ್ಪಾಗಿ ಬರುತ್ತದೆ, ಯಾಕೆಂದರೆ ಕತ್ತಲಲ್ಲಿ ಪರದೆ ಇರುವುದಕ್ಕಿಂತ ಹೆಚ್ಚು ಬೆಳಕಾಗಿ ಕಾಣುತ್ತದೆ. ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ, ಬೆಳಕು ಪರದೆಗೆ ಬಡಿಯುತ್ತದೆ. ಲ್ಯಾಪ್‌ಟಾಪಿನ ನೈಟ್ ಲೈಟ್ ಆನ್ ಆಗಿದೆಯೇ ನೋಡಿ ಆಫ್ ಮಾಡಿ. ಎಷ್ಟೋ ಜನ ಅದರ ಹಳದಿಯನ್ನು ಫೋಟೊದ ಹಳದಿ ಅಂದುಕೊಂಡು ತಿದ್ದುತ್ತಾ ಕೂರುತ್ತಾರೆ.

ಕಲಾವಿದರಿಗೆ ಕಳಿಸುವಾಗ ಎಸ್‌ಆರ್‌ಜಿಬಿ ಬಣ್ಣದಲ್ಲಿ (ಮೊಬೈಲು, ವೆಬ್ಬಿಗೆ ಹೊಂದುವ ಬಣ್ಣದ ವ್ಯವಸ್ಥೆ), ಉದ್ದದ ಬದಿ 2,048 ಪಿಕ್ಸೆಲ್ ಇರುವ ಜೆಪೆಗ್ ಮಾಡಿ. ವಾಟ್ಸಾಪಿನಲ್ಲಿ ಸುಮ್ನೆ ಫೋಟೊ ಆಗಿ ಹಾಕಬೇಡಿ, ಅದು ಹಿಂಡಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

ನೀವು ಕಳಿಸಿದ ಮೂರನೆಯ ಫೈಲು ಉಳಿಯಿತು, ಪೂರ್ತಿ ನೀಲಿ ಎಲ್‌ಇಡಿ ಬೆಳಕಿನ ಆ ಯುದ್ಧದ ದೃಶ್ಯ. ಅದರಲ್ಲಿ ವೈಟ್ ಬ್ಯಾಲೆನ್ಸ್ ಸರಿ ಮಾಡಲು ಹೊರಟರೆ ಸಂಜೆ ವ್ಯರ್ಥ. ರಂಗದ ಮೇಲೆ ಕೆಂಪು ಬೆಳಕು ಇರಲೇ ಇಲ್ಲ, ಹಾಗಾಗಿ ದಗಲೆಯ ಕೆಂಪು ಸೆನ್ಸರಿಗೆ ಕಾಣಲೂ ಇಲ್ಲ. ಇಲ್ಲದ್ದನ್ನು ಎಳೆದರೆ ಬರುವುದು ನಾಯ್ಸ್ ಮಾತ್ರ. ಪಿಕ್ಚರ್ ಕಂಟ್ರೋಲ್‌ನಲ್ಲಿ ಮೊನೊಕ್ರೋಮ್ ಆರಿಸಿ, ಫಿಲ್ಟರ್ ಹಸಿರಿಗೆ ಇಟ್ಟು, ಕಾಂಟ್ರಾಸ್ಟ್ ತುಸು ಏರಿಸಿ ನೋಡಿ. ನಾನು ಮಾಡಿ ನೋಡಿದೆ. ಗಾಳಿಯಲ್ಲಿ ತಿರುಗುತ್ತಿರುವ ಆ ವೇಷದ ಕಾಲ್ಗೆಜ್ಜೆ, ಎತ್ತಿದ ಬಿಲ್ಲು, ಕೆಳಗೆ ನೆಲದ ಮೇಲೆ ಬಿದ್ದ ನೆರಳು, ಮೂರೂ ಒಂದೇ ಗೆರೆಯಲ್ಲಿವೆ. ಮೂರರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅದೇ.